‘ಬ್ರೇಕ್ ಫೇಲ್’ ಅಂತ ಬರೆದು ಕೈತೊಳೆದುಕೊಂಡದ್ದು ಸಾಕು

‘ಬ್ರೇಕ್ ಫೇಲ್ ಆಗಿ ಚಾಲಕನ ನಿಯಂತ್ರಣ ತಪ್ಪಿದ ಕಾರು ಕಂದಕಕ್ಕೆ ಉರುಳಿದೆ.’ ಈ ಸಾಲನ್ನು ಎಷ್ಟು ಸಲ ಟೈಪ್ ಮಾಡಿ ಕಳಿಸಿದ್ದೇನೋ ಲೆಕ್ಕವಿಲ್ಲ. ಸ್ಥಳದಲ್ಲಿದ್ದವರು ಹೇಳುತ್ತಾರೆ, ನಾವು ಬರೆಯುತ್ತೇವೆ, ನೀವು ಓದಿ ‘ಪಾಪ, ಹಣೆಬರಹ’ ಅನ್ನುತ್ತೀರಿ. ಹಣೆಬರಹ ಅಲ್ಲ ಸ್ವಾಮಿ. ಕಾರಿನ ಬ್ರೇಕ್ ಏಕಾಏಕಿ ಹೋಗುವುದು ಅಪರೂಪ. ಬಹಳ ಸಲ ವಾರಗಟ್ಟಲೆ ನೋಟಿಸ್ ಕೊಟ್ಟೇ ಹೋಗುತ್ತದೆ.

ನನಗೂ ಕೊಟ್ಟಿತ್ತು. ನನ್ನ ಹಳೇ ಕಾರಿನ ಪೆಡಲ್ ದಿನೇ ದಿನೇ ಕೆಳಗಿಳಿಯುತ್ತಿತ್ತು. ಎರಡು ತಿಂಗಳಲ್ಲಿ ಮೂರು ಸಲ ಗ್ಯಾರೇಜಿಗೆ ಹೋದೆ. ಮೂರು ಸಲವೂ ಒಂದೇ ಮಾತು: ‘ಆಯಿಲ್ ಸ್ವಲ್ಪ ಕಮ್ಮಿ ಇತ್ತು ಸಾರ್, ಹಾಕಿದೀನಿ. ಏನೂ ತೊಂದ್ರೆ ಇಲ್ಲ.’ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಪೆಡಲ್ ನೆಲಕ್ಕೆ ತಾಗಿತು. ಬ್ರೇಕಿಗೆ ಎರಡು ಪ್ರತ್ಯೇಕ ಲೈನ್ ಇರುವುದರಿಂದ ಅರ್ಧ ಬ್ರೇಕ್ ಉಳಿದಿತ್ತು. ಸೆಕೆಂಡ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದು ನಿಲ್ಲಿಸಿದೆ. ಆಮೇಲೆ ಹಿಂದಿನ ಎಡಚಕ್ರ ಬಿಚ್ಚಿಸಿದರೆ ವೀಲ್ ಸಿಲಿಂಡರಿನ ರಬ್ಬರ್ ಕಪ್ ಹರಿದಿತ್ತು, ಡ್ರಮ್ಮಿನೊಳಗೆಲ್ಲ ಆಯಿಲ್, ಲೈನರ್ ತೊಪ್ಪೆ. ಹೆಬ್ಬೆರಳಿನಷ್ಟಿಲ್ಲದ ರಬ್ಬರು!

ಬ್ರೇಕ್ ಆಯಿಲ್ ಉರಿದು ಖಾಲಿಯಾಗುವ ವಸ್ತುವಲ್ಲ. ಮಾಸ್ಟರ್ ಸಿಲಿಂಡರಿನಿಂದ ಚಕ್ರದವರೆಗೆ ಮುಚ್ಚಿದ ಪೈಪಿನೊಳಗೇ ಇರುತ್ತದೆ. ಪ್ಯಾಡ್ ಸವೆದಂತೆ ಮಟ್ಟ ತುಸು ಇಳಿಯುತ್ತದೆ, ಅದು ಸರಿ. ಆದರೆ ಪದೇ ಪದೇ ತುಂಬಿಸಬೇಕಾದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ತೂತು ಬಿಂದಿಗೆಗೆ ನೀರು ತುಂಬಿ ದುಡ್ಡು ಇಸಿದುಕೊಳ್ಳುವುದನ್ನು ರಿಪೇರಿ ಅಂತ ಯಾಕೆ ಕರೆಯುತ್ತೇವೆ?

ತಪ್ಪು ಗ್ಯಾರೇಜಿನವರದು ಮಾತ್ರವಲ್ಲ. ಆಯುಧಪೂಜೆಗೆ ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಡುವ ನಾವು ಅದೇ ಚಕ್ರದ ಒಳಮೈಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡುವುದಿಲ್ಲ. ಅಲ್ಲಿ ಒದ್ದೆ ಇದ್ದರೆ ಸೋರಿಕೆ ಸಿಕ್ಕಿತು. ಗಾಡಿಯನ್ನು ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗ ಪೆಡಲನ್ನು ಒಂದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಸ್ಟಾರ್ಟ್ ಆದಾಗ ತುಸು ಇಳಿಯುವುದು ಸಹಜ. ಒತ್ತಿ ಹಿಡಿದಿದ್ದೂ ನಿಧಾನವಾಗಿ ಕೆಳಗೆ ಹೋಗುತ್ತಲೇ ಇದ್ದು, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಮೇಲೆ ಅನುಮಾನ ಪಡಿ. ಪೆಡಲ್ ಸ್ಪಂಜಿನ ಹಾಗಿದ್ದು ಮೂರ್ನಾಲ್ಕು ಸಲ ತುಳಿದ ಮೇಲೆ ಗಟ್ಟಿಯಾದರೆ ಲೈನಿನಲ್ಲಿ ಗಾಳಿ ಸೇರಿರಬಹುದು. ಹಿಂದಿನ ಬ್ರೇಕ್ ಅಡ್ಜಸ್ಟ್‌ಮೆಂಟ್ ಸಡಿಲವಾಗಿದ್ದರೂ ಪೆಡಲ್ ಕೆಳಗಿಳಿದು, ಹೀಗೆ ತುಳಿದಾಗ ಮೇಲೆ ಬರುತ್ತದೆ. ಗಾಳಿ ತೆಗೆಯಲು ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಪೆಡಲ್ ಬಿಡುವ ಮೊದಲು ಬಿಗಿಮಾಡಬೇಕು. ಗುಳ್ಳೆ ನಿಲ್ಲುವವರೆಗೂ ಇದೇ ಕೆಲಸ, ಅಷ್ಟರಲ್ಲಿ ಮೇಲಿನ ಡಬ್ಬಿ ಬರಿದಾಗಬಾರದು. ಸೋರಿಕೆ ಮುಚ್ಚದೆ ಗಾಳಿ ತೆಗೆದರೆ ಮತ್ತೆ ಅದೇ ಕಥೆ.

ಇನ್ನು ಎರಡು ಮಹಾಪಾಪ. ಆಯಿಲ್‌ಗೆ ತೊಯ್ದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ವಾಪಸ್ ಹಾಕುವುದು. ಬ್ರೇಕ್ ಆಯಿಲ್ ಸಿಗಲಿಲ್ಲ ಅಂತ ಎಂಜಿನ್ ಆಯಿಲ್ ಸುರಿಯುವುದು: ರಬ್ಬರ್ ಕಪ್ಪುಗಳು ಉಬ್ಬಿ ಇಡೀ ಸಿಸ್ಟಮ್ ಹಾಳಾಗುತ್ತದೆ.

ಘಾಟಿ ಕಡೆಯವರಿಗೆ ಇನ್ನೊಂದು ಮಾತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯಬಾರದು. ನೀರು ಸೇರಿದರೆ 140ರ ಆಸುಪಾಸಿನಲ್ಲೇ ಕುದಿಯಬಹುದು. ಕುದಿದರೆ ಒಳಗೆ ಆವಿ, ಆವಿಯನ್ನು ಎಷ್ಟು ತುಳಿದರೂ ಚಕ್ರ ಹಿಡಿಯುವುದಿಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯುವ ಶೂರರು ಪೂರ್ತಿ ಭಾರವನ್ನು ಈ ಬ್ರೇಕಿನ ಮೇಲೇ ಹಾಕುತ್ತಾರೆ. ಎರಡು ವರ್ಷಕ್ಕೊಮ್ಮೆ ಹಳೇ ಆಯಿಲ್ ತೆಗೆಸಿ ಹೊಸದು ಹಾಕಿಸಿ, ಇಳಿಯುವಾಗ ಚಿಕ್ಕ ಗೇರಿನಲ್ಲೇ ಇಳಿಯಿರಿ.

ಮುಂದಿನ ಸಲ ಯಾರಾದರೂ ‘ಬ್ರೇಕ್ ಫೇಲ್’ ಅಂದರೆ ನಾನು ಬರೆಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಕೊನೆಗೆ ಆಯಿಲ್ ತುಂಬಿಸಿದ್ದು ಯಾವಾಗ, ಅದಕ್ಕೂ ಮೊದಲು ಎಷ್ಟು ಸಲ?