ಟಿಶ್ಯೂ ಸ್ಟ್ಯಾಂಡೂ, ಮಾವನೋರ ಗರಗಸಾನೂ

ನಮ್ಮನೆ ಊಟದ ಟೇಬಲ್ ಮೇಲಿರೋ ಮರದ ಟಿಶ್ಯೂ ಸ್ಟ್ಯಾಂಡ್ ನೋಡಿದೋರು ಮೂರು ಮಾತು ಆಡ್ತಾರೆ. ಮೊದಲನೇದು, "ಚೆಂದಾಗೈತಲ್ಲ, ಎಲ್ಲಿ ತಗೊಂಡೆ?" ಎರಡನೇದು, "ಓ, ನಿಮ್ಮ ಯಜಮಾನ್ರು ಮಾಡಿದ್ರಾ?" ನಾನೇ ಮಾಡಿದ್ದು ಅಂದ್ಮೇಲೆ ಮೂರನೇದು ಬರ್ತೈತೆ, "ಯಾಕವ್ವ, ಮನೇಲಿ ಗಂಡಸರಿಲ್ವಾ?" ಮೊದಲೆರಡಕ್ಕೆ ನನಗೇನೂ ಬೇಜಾರಿಲ್ಲ. ಮೂರನೇ ಮಾತಿಗೆ ಮಾತ್ರ ಕಾಫಿ ಕೊಟ್ಟು ಕಳಿಸಿ ಸುಮ್ಮನಾಗೋಳಲ್ಲ ನಾನು. ಅದನ್ನ ಆಡಿದೋರಲ್ಲಿ ನಮ್ಮ ಅತ್ತಿಗೆ ಅವ್ರೆ, ಹಿಂದಿನ ಸಾಲಿನ ಅಕ್ಕ ಅವ್ರೆ, ಬಂಗಾರಪೇಟೆ ಚಿಕ್ಕಮ್ಮಾನೂ ಅವ್ರೆ. ನೀವೆಲ್ಲ ಇದನ್ನ ಓದ್ತೀರಿ ಅಂತ ಗೊತ್ತಿದ್ದೇ ಬರೀತಾ ಇದೀನಿ.

ಗಂಡಸರು ಅವ್ರೆ, ಇಲ್ಲ ಅಂದೋರ್ಯಾರು? ಆದ್ರೆ ಎಲ್ಲವ್ರೆ? ಬೆಳಗ್ಗೆ ಕತ್ತಲಿರುವಾಗ್ಲೇ ಕೋರಮಂಡಲ್ ಸ್ಟೇಷನ್ನಲ್ಲಿ ರೈಲು ಹತ್ತಿ ಬಂಗಾರಪೇಟೆ ಮೇಲೆ ಬೆಂಗಳೂರು ಸೇರ್ತಾರೆ. ವಾಪಸ್ ಬರೋ ಹೊತ್ತಿಗೆ ಮಕ್ಕಳು ಮಲಗಿರ್ತಾವೆ. 2001ರಲ್ಲಿ ಗಣಿ ಮುಚ್ಚಿದಾಗಿಂದ ನಮ್ಮೂರ ಗಂಡಸರ ಬಾಳು ಅರ್ಧ ರೈಲಲ್ಲೇ ಕಳೀತಾ ಐತೆ. ಅವರನ್ನ ನಾನು ಬೈಯಲ್ಲ. ಆದ್ರೆ ಮನೆ ಅನ್ನೋದು ಭಾನುವಾರ ನೋಡ್ಕೊಂಡು ಮುರಿಯಲ್ಲ ಕಣ್ರಮ್ಮ. ಬಾಗ್ಲು ಮಳೆಗೆ ಉಬ್ಬೋದು ಮಂಗಳವಾರ, ಸ್ಟೂಲಿನ ಕಾಲು ಅಲ್ಲಾಡೋದು ಗುರುವಾರ. ಅಲ್ಲಾಡೋ ಸ್ಟೂಲ್ ಮೇಲೆ ನಿಂತು ಅಟ್ಟದಿಂದ ಡಬ್ಬ ಇಳಿಸೋಳು ಯಾರು? ನಾನೇ ಅಲ್ವಾ? ಅಂಗಿದ್ಮೇಲೆ ಆ ಕಾಲಿಗೆ ಒಂದು ಬೆಣೆ ಹೊಡೆಯೋಕೆ ಭಾನುವಾರದವರೆಗೆ ಕಾಯಬೇಕು ಅನ್ನೋದು ಯಾವ ನ್ಯಾಯ?

ನಮ್ಮ ಮಾವನೋರು ಗಣೀಲಿ ಬಡಗಿ ಕೆಲಸದಲ್ಲಿದ್ರು. ಹೊರಗಿನೋರಿಗೆ ಕೆಜಿಎಫ್ ಅಂದ್ರೆ ಬರೀ ಚಿನ್ನ. ಆ ಚಿನ್ನ ತೆಗೆಯೋಕೆ ಎಷ್ಟು ಮರ ಬೇಕಿತ್ತು ಅಂತ ಯಾರೂ ಕೇಳಲ್ಲ. ಚಾಂಪಿಯನ್ ರೀಫ್ ಕಡೆ 3 ಕಿಲೋಮೀಟರಿಗೂ ಆಳ ಇಳಿದ ಗಣಿ ಅದು. ತಲೆ ಮೇಲಿನ ಬಂಡೆ ಕೂರದಂಗೆ ದಿಮ್ಮಿ ಕೊಟ್ಟು ನಿಲ್ಲಿಸಬೇಕಿತ್ತು. ಮೇಲುಗಡೆ ಬಾಗ್ಲು, ಕಿಟಕಿ, ಬೆಂಚು, ಸಾಮಾನಿನ ಪೆಟ್ಟಿಗೆ, ಎಲ್ಲಕ್ಕೂ ಬಡಗಿ ಬೇಕು. ಅಂಥಾ ಮನುಷ್ಯರ ಕೈ ಸಾಮಾನೆಲ್ಲ ಗಣಿ ಮುಚ್ಚಿದ್ಮೇಲೆ ಎಲ್ಲೋಯ್ತು ಹೇಳ್ರಿ? ಒಂದೊಂದು ಮನೇದೂ ಗುಜರಿಗೆ ಹೋಯ್ತು, ತೂಕದ ಲೆಕ್ಕದಲ್ಲಿ. ಉಳಿ, ಬೈರಿಗೆ, ಉಜ್ಜುಗೊರಡಿನ ಅಲಗು, ಎಲ್ಲ ಹಳೇ ಕಬ್ಬಿಣದ ರೇಟು. ಮಾರಿದೋರು ಹೆಚ್ಚಿನಂಶ ನಾವೇ, ಹೆಂಗಸರು. ಯಾಕಂದ್ರೆ ನಮ್ಮ ಕಣ್ಣಿಗೆ ಅದು ನಮ್ಮ ಸಾಮಾನಲ್ಲ. ತಾಮ್ರದ ಹಂಡೆ ಆಗಿದ್ರೆ ಕೊಡ್ತಿದ್ವಾ? ಸೊಸೆಗೆ, ಮೊಮ್ಮಗಳಿಗೆ ಅಂತ ಎತ್ತಿಡ್ತಿದ್ವಿ.

ನಮ್ಮ ಮಾವನೋರ ಪೆಟ್ಟಿಗೆ ಮಾತ್ರ ನಾನು ಕೊಡಲಿಲ್ಲ. ಅವರು ಕೊನೇ ಎರಡು ವರ್ಷ ಕುರ್ಚಿ ಬಿಟ್ಟು ಏಳಲಾರದೆ ಇದ್ದಾಗ ನನ್ನನ್ನ ಎದುರಿಗೆ ಕೂರಿಸ್ಕೊಂಡು ಗರಗಸ ಹಿಡಿಯೋದು, ಉಳಿ ಮಸೆಯೋದು ಹೇಳ್ಕೊಟ್ರು. ಮಗ ರೈಲಲ್ಲಿ, ಮೊಮ್ಮಗ ಮೊಬೈಲಲ್ಲಿ, ಮನೇಲಿ ಇದ್ದೋಳು ಸೊಸೆ. ಬೇರೆ ದಾರಿ ಇರಲಿಲ್ಲ ಅಂತ ಹೇಳ್ಕೊಟ್ರೋ ಏನೋ. ಆದ್ರೂ ಹೇಳ್ಕೊಟ್ರಲ್ಲ.

"ಹೆಂಗಸರ ಕೈಗೆ ಅಷ್ಟು ಬಲ ಇರಲ್ಲ" ಅಂತಾರೆ ಅತ್ತಿಗೆ. ಅತ್ತಿಗೆ, ನೀವು ಹಬ್ಬದ ದಿನ ಹತ್ತು ಜನಕ್ಕೆ ಹಿಟ್ಟು ತೊಳಸೋದನ್ನ ನಾನು ನೋಡಿದೀನಿ. ಕವೆಗೋಲಲ್ಲಿ ಪಾತ್ರೆ ಅಮುಕಿ ಹಿಡ್ದು, ಕುದಿಯೋ ರಾಗಿ ಹಿಟ್ಟನ್ನ ಕೋಲಲ್ಲಿ ಗಂಟಿಲ್ಲದಂಗೆ ತಿರುವೋ ಕೈಗೆ ಉಜ್ಜುಗೊರಡು ತಳ್ಳೋಕಾಗಲ್ವಾ? ಈಳಿಗೆಮಣೆ ಮೇಲೆ ಕೂತು ಹಲಸಿನಕಾಯಿ ಹೆಚ್ಚೋಳಿಗೆ ಗರಗಸ ಕಂಡ್ರೆ ಭಯಾನಾ? ಅಷ್ಟಕ್ಕೂ ಗರಗಸಕ್ಕೆ ಬಲ ಹಾಕಿದ್ರೆ ಕೆಲಸ ಕೆಡೋದು. ಅದು ತನ್ನ ತೂಕದಲ್ಲೇ ಕುಯ್ಕೊಂಡು ಹೋಗಬೇಕು. ಬಲ ಹಾಕ್ದಷ್ಟೂ ಹಲ್ಲು ಕಚ್ಕೊಂಡು ಗೆರೆ ಬಿಟ್ಟು ಓಡ್ತೈತೆ.

ಇನ್ನೊಂದು ಹೇಳ್ತೀನಿ. ಆಯುಧ ಪೂಜೆ ದಿನ ಆ ಗರಗಸ ಉಳಿ ಎಲ್ಲ ತೊಳ್ದು, ಒರೆಸಿ, ಕುಂಕುಮ ಇಟ್ಟು, ಹೂವಿಟ್ಟು, ಮುಂದೆ ರಂಗೋಲಿ ಹಾಕೋರು ಯಾರು? ನಾವೇ. ಒಂದು ದಿನ ಕುಂಕುಮ ಇಡೋಕೆ ಆಗೋ ಕೈ ಮಿಕ್ಕ 364 ದಿನ ಮುಟ್ಟಬಾರದಾ? ಇದನ್ನ ಒಬ್ಬರೂ ಬಿಡಿಸಿ ಹೇಳಿಲ್ಲ. "ಅದಂಗೇನೇ" ಅಂತಾರೆ, ಅಷ್ಟೇ.

ಅಂಗೇನೇ ಅನ್ನೋ ಮಾತು ನಮ್ಮೂರಲ್ಲಿ ಕಾನೂನಾಗೂ ಇತ್ತು. 1952ರ ಗಣಿ ಕಾಯ್ದೆ ಪ್ರಕಾರ ಹೆಂಗಸರು ನೆಲದೊಳಗಿನ ಗಣಿ ಕೆಲಸಕ್ಕೆ ಇಳಿಯೋ ಹಂಗಿರಲಿಲ್ಲ. ನಮ್ಮ ಒಳ್ಳೇದಕ್ಕೇ ಅಂತ ಹೇಳಿದ್ರು, ಇರಬೌದು. 2019ರಲ್ಲಿ ಸರ್ಕಾರ ಅದನ್ನ ಸಡಿಲ ಮಾಡ್ತು. ಹಗಲೊತ್ತು, ತಾಂತ್ರಿಕ ಕೆಲಸ, ಮೇಲ್ವಿಚಾರಣೆ, ಮ್ಯಾನೇಜರ್ ಕೆಲಸಕ್ಕೆ ಇಳೀಬೌದು ಅಂತು. ನಮ್ಮೂರಿಗೆ ಅದರಿಂದ ಏನು ಬಂತು? ಗಣಿ ಮುಚ್ಚಿ ಆಗ್ಲೇ 18 ವರ್ಷ. ಬಾಗ್ಲು ತೆಗೆದಾಗ ಒಳಗೆ ನೀರು ತುಂಬಿತ್ತು. ಮನೇ ಸಾಮಾನಿನ ಪೆಟ್ಟಿಗೇನೂ ಇಂಗೇ ಆಗ್ತೈತೆ ನೋಡ್ರಿ. "ಆಯ್ತು, ನೀನೂ ಮುಟ್ಟು" ಅಂತ ಅವರು ಅನ್ನೋ ಹೊತ್ತಿಗೆ ಅಲಗೆಲ್ಲ ತುಕ್ಕು ತಿಂದಿರ್ತೈತೆ.

ಈಗ ಸ್ಟ್ಯಾಂಡಿನ ವಿಷಯಕ್ಕೆ ಬರ್ತೀನಿ. ಮೊದಲನೇ ಕೆಲಸಕ್ಕೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ ಅನ್ನೋದು ನನ್ನ ವಾದ. ಯಾಕಂದ್ರೆ ಬರೀ ಮೂರು ಹಲಗೆ. ಕೆಟ್ರೆ ಒಲೆಗೆ, ಚೆನ್ನಾಗಾದ್ರೆ ಟೇಬಲ್ಲಿಗೆ.

ಮುರಿದ ಮಂಚದ ತೇಗದ ತಲೆಹಲಗೆ ಇತ್ತು, ಅರ್ಧ ಇಂಚು ದಪ್ಪ, ಅದನ್ನೇ ತಗೊಂಡೆ. ನಿಮ್ಮತ್ರ ತೇಗ ಇಲ್ದಿದ್ರೆ ಸಾಮಾನು ಬಂದ ಪೈನ್ ಪೆಟ್ಟಿಗೆ ಹಲಗೆ ಸಾಕು. ಮೊಳೆ ಎಲ್ಲ ಕಿತ್ತು, ಒಳಗೆ ಒಂದೂ ಉಳಿದಿಲ್ಲ ಅಂತ ನೋಡ್ಕೊಳ್ರಿ, ಇಲ್ದಿದ್ರೆ ಗರಗಸದ ಹಲ್ಲು ಹೋಗ್ತಾವೆ. ಅಂಗಡಿಯ ದೊಡ್ಡ ಟಿಶ್ಯೂ ಬಿಚ್ಚಿದ್ರೆ ಸುಮಾರು ಒಂದಡಿ ಚೌಕ, ನಾಲ್ಕು ಮಡಿಕೇಲಿ ಆರಿಂಚು ಚೌಕ. ಅದಕ್ಕೆ ಅಡಿ ಹಲಗೆ 6 ಇಂಚು ಉದ್ದ, 2 ಇಂಚು ಅಗಲ. ಪಕ್ಕದ ಹಲಗೆ ಎರಡು, ಒಂದೊಂದೂ 6 ಇಂಚು ಉದ್ದ, 4 ಇಂಚು ಎತ್ತರ. ಟಿಶ್ಯೂ ಮೇಲೆ ಎರಡಿಂಚು ಎದ್ದು ಕಾಣ್ತದೆ, ಎಳೆಯೋಕೆ ಸಲೀಸು.

ಇಲ್ಲಿ ಒಂದು ಗುಟ್ಟೈತೆ, ಅಂಗಡಿ ಸಾಮಾನು ಮಾಡೋರು ಎಷ್ಟೋ ಜನ ಇದನ್ನ ನೋಡಲ್ಲ. ಮರದ ನಾರು ಯಾವ ಕಡೆ ಓಡ್ತೈತೆ ಅಂತ ಮೊದಲು ನೋಡಬೇಕು. ಮೂರು ಹಲಗೇಲೂ ನಾರು ಆ ಆರಿಂಚಿನ ಉದ್ದಕ್ಕೇ ಮಲಗಿರಬೇಕು. ಪಕ್ಕದ ಹಲಗೇಲಿ ನಾರು ಮೇಲಕ್ಕೆ ನಿಂತಿದ್ರೆ ಕೆಳಗೆ ಅಂಟು ಹಾಕೋ ಜಾಗ ದುರ್ಬಲ, ಕೈ ತಗಲಿ ಬಿದ್ರೆ ನಾರಿನುದ್ದಕ್ಕೆ ಸೀಳ್ತೈತೆ. ನಾರು ನಾರಿಗೆ ಒರಗಿ ಕೂತ್ರೆ ಫೆವಿಕಾಲ್ ಒಂದೇ ಸಾಕು, ಮೊಳೆ ಬ್ಯಾಡ, ಸ್ಕ್ರೂ ಬ್ಯಾಡ. ಮಳೆಗಾಲದಲ್ಲಿ ಉಬ್ಬಿದ್ರೂ ಮೂರೂ ಒಂದೇ ಥರ ಉಬ್ಬಿ ಒಂದೇ ಥರ ಇಳೀತಾವೆ. ಮನೇಲಿ ಅತ್ತೆ ಸೊಸೆ ಇಂಗಿದ್ದಿದ್ರೆ ಎಷ್ಟು ಚೆಂದ ಇರ್ತಿತ್ತು, ಬಿಡ್ರಿ.

ಮೂಲೆಮಟ್ಟ ಇಟ್ಟು ಪೆನ್ಸಿಲ್ ಗೆರೆ ಎಳ್ದು, ಅದರ ಮೇಲೆ ಚಾಕೂಲಿ ಒಂದು ಗೀರು ಹಾಕ್ರಿ. ಗೀರು ಹಾಕಿದ್ರೆ ಅಂಚು ಚಕ್ಕೆ ಏಳಲ್ಲ. ಗರಗಸಾನ ಮೊದಲು ಎರಡು ಸಲ ಹಿಂದಕ್ಕೆ ಎಳ್ದು ಜಾಗ ಮಾಡ್ಕೊಂಡು ಆಮೇಲೆ ಮುಂದಕ್ಕೆ. ಗೆರೆ ಉಳಿಸಿ ಹೊರಗಡೆ ಕುಯ್ರಿ. ಉಳಿದದ್ದನ್ನ ಉಜ್ಜುಗೊರಡಲ್ಲಿ ಗೆರೆವರೆಗೆ ತರಬೇಕು. ಮಾವನೋರು ಹೇಳ್ತಿದ್ರು, ಜಾಸ್ತಿ ಇರೋ ಮರಾನ ಕಮ್ಮಿ ಮಾಡಬೌದು, ಕಮ್ಮಿ ಆದದ್ದನ್ನ ಬ್ರಹ್ಮ ಬಂದ್ರೂ ಜಾಸ್ತಿ ಮಾಡಲ್ಲ ಅಂತ. ಉಜ್ಜುವಾಗ ಮರ ಕಿತ್ತು ಬಂದ್ರೆ ಹಲಗೆ ತಿರುಗಿಸಿ ಆ ಕಡೆಯಿಂದ ಉಜ್ರಿ, ನಾರಿನ ವಿರುದ್ಧ ಹೋಗ್ತಾ ಇದೀರಿ ಅಂತ ಅರ್ಥ. ಸರಿ ಇದ್ರೆ ಈರುಳ್ಳಿ ಸಿಪ್ಪೆ ಹಂಗೆ ಸುರುಳಿ ಸುರುಳಿ ಬರ್ತೈತೆ. ಪಕ್ಕದ ಮನೆ ತಮಿಳಿನ ಅಕ್ಕ ಆ ಸುರುಳಿ ತಗೊಂಡು ಮೂಸಿ, "ನಮ್ಮಪ್ಪನ ವಾಸನೆ" ಅಂದ್ರು. ಅವರಪ್ಪಾನೂ ಬಡಗೀನೇ. ಅವರ ಮನೇಲಿ ಗರಗಸಕ್ಕೆ ರಂಬಂ ಅಂತಾರೆ, ತೆಲುಗಿನೋರು ರಂಪಂ ಅಂತಾರೆ. ನಮ್ಮ ಸಾಲಲ್ಲಿ ಒಂದೇ ಸಾಮಾನಿಗೆ ಮೂರು ಹೆಸರು, ಮೂರು ಭಾಷೇಲೂ ಹೆಂಗಸರು ಅದನ್ನ ಮುಟ್ಟಂಗಿಲ್ಲ!

ಅಂಟು ಹಚ್ಚಿದ್ಮೇಲೆ ಕ್ಲ್ಯಾಂಪ್ ಇಲ್ಲ ಅಂತ ನಿಲ್ಲಬ್ಯಾಡ್ರಿ. ಹಳೇ ಸೈಕಲ್ ಟ್ಯೂಬ್ ಉದ್ದುದ್ದ ಕೊಯ್ದು ಬಿಗಿಯಾಗಿ ಸುತ್ತಿ ರಾತ್ರಿ ಪೂರ್ತಿ ಬಿಡ್ರಿ. ಹೊರಗೆ ಬಂದ ಅಂಟನ್ನ ಆಗ್ಲೇ ಒದ್ದೆ ಬಟ್ಟೇಲಿ ಒರೆಸಬೇಕು, ಒಣಗಿದ ಮೇಲೆ ಎಣ್ಣೆ ಅಲ್ಲಿ ಹಿಡಿಯಲ್ಲ. ಬೆಳಗ್ಗೆ ಅರ ಹಾಕಿ ಮೇಲಿನ ಮೂಲೆ ಗುಂಡಗೆ ಮಾಡಿ, ಉಪ್ಪುಕಾಗದ ತಿಕ್ಕಿ. ಎಣ್ಣೆ ಹಚ್ಚೋದಾದ್ರೆ ಅಡುಗೆ ಮನೆ ಕಡ್ಲೆಕಾಯಿ ಎಣ್ಣೆ ಬ್ಯಾಡ, ಅದು ಒಣಗಲ್ಲ, ಜಿಡ್ಡಾಗಿ ಧೂಳು ಹಿಡೀತೈತೆ. ಸೈನೈಡ್ ಗುಡ್ಡದ ಕಡೆಯಿಂದ ಗಾಳಿ ಬೀಸಿದ ದಿನ ನಮ್ಮೂರಲ್ಲಿ ಧೂಳು ಎಷ್ಟು ಅಂತ ನಿಮಗೆ ನಾನು ಹೇಳಬೇಕಾ? ಪೇಂಟ್ ಅಂಗಡೀಲಿ ಅಗಸೆ ಎಣ್ಣೆ ಸಿಗ್ತೈತೆ, ಅದು ಒಣಗೋ ಎಣ್ಣೆ. ತೆಳ್ಳಗೆ ಹಚ್ಚಿ ಒರೆಸಿ ಒಂದು ದಿನ ಬಿಟ್ಟು ಇನ್ನೊಂದು ಸಲ. ಒರೆಸಿದ ಬಟ್ಟೇನ ಮಾತ್ರ ಉಂಡೆ ಮಾಡಿ ಮೂಲೆಗೆ ಎಸೀಬ್ಯಾಡ್ರಿ. ಅಗಸೆ ಎಣ್ಣೆ ಬಟ್ಟೆ ತಾನೇ ಕಾದು ಹೊತ್ಕೊಳ್ತೈತೆ. ಹೊರಗೆ ತಂತಿ ಮೇಲೆ ಬಿಡಿಸಿ ಒಣಗಿಸಿ.

ಇನ್ನು, "ಇದು ಆಚಾರ್ರ ಕುಲದ ಕಸುಬು, ನಮಗ್ಯಾಕೆ" ಅನ್ನೋ ಮಾತು. ಚಿಕ್ಕಮ್ಮ, ನೀವು ಹೊಲಿಗೆ ಮಿಷನ್ ತಗೊಂಡಾಗ ಯಾರ ಕುಲ ಕೇಳಿದ್ರಿ? ನಾನೇನು ತೇರು ಕಟ್ಟೋಕೆ ಹೊರಟಿಲ್ಲ, ಬಾಗ್ಲು ಚೌಕಟ್ಟಿಗೆ ಈಗಲೂ ಆಚಾರ್ರನ್ನೇ ಕರೀತೀನಿ. ಮೂರು ಹಲಗೆ ಉಜ್ಜಿ ಕೈ ನೋಯಿಸ್ಕೊಂಡ ಮೇಲೆ ಅವರ ಕೂಲಿ ಬಗ್ಗೆ ಚೌಕಾಸಿ ಮಾಡೋ ಬಾಯೂ ಕಟ್ಟಿದೆ. ಕುಯ್ದು ನೋಡದೆ ಇರೋಳೇ "ಅಷ್ಟಕ್ಕೆ ಇಷ್ಟಾ?" ಅಂತಾಳೆ. ಚನ್ನಪಟ್ಟಣದಲ್ಲಿ ಹೆಂಗಸರು ಲೇತ್ ಮುಂದೆ ಕೂತು ಹಾಲೆ ಮರದ ಬೊಂಬೆಗೆ ಅರಗಿನ ಬಣ್ಣ ಹಿಡಿಸ್ತಾರೆ. ಆ ಬೊಂಬೆ ತಂದು ಶೋಕೇಸಲ್ಲಿಟ್ಟು ಮೆಚ್ಕೊಳ್ತೀರಿ. ನಿಮ್ಮನೆ ಸೊಸೆ ಉಳಿ ಹಿಡಿದ್ರೆ ಮುಖ ಸಿಂಡರಿಸ್ತೀರಿ.

"ಅಂಗಡೀಲಿ ಪ್ಲಾಸ್ಟಿಕ್ಕಿನದು ಅಗ್ಗ" ಅಂತೀರಿ. ಹೌದು, ಅಗ್ಗವೇ. ಅಂಗೆ ನೋಡಿದ್ರೆ ಟಿಶ್ಯೂನೇ ದಂಡ. ಹಿಟ್ಟು ಸಾರು ಉಂಡ ಕೈಗೆ ಟಿಶ್ಯೂ ಯಾವ ಮೂಲೆಗೆ? ಎದ್ದೋಗಿ ತೊಳೀಲೇಬೇಕು. ಬಂಗಾರಪೇಟೆ ಪಾನಿಪೂರಿ ತಿಂದು ಬಾಯೊರೆಸೋಕೆ ಸರಿ, ಮನೇಲ್ಯಾಕೆ? ಬೆಂಗಳೂರು ಸೇರಿದ ಮಕ್ಕಳು ತಂದ ಅಭ್ಯಾಸ ಅದು. ನಮ್ಮ ಸ್ಟ್ಯಾಂಡಲ್ಲಿ ಈಗಿರೋದು ಕಾಗದ ಅಲ್ಲ. ಮಾವನೋರ ಹಳೇ ಬಿಳಿ ಪಂಚೆ ಒಂದಡಿ ಚೌಕಕ್ಕೆ ಹರಿದು, ಅಂಚು ಹೊಲಿದು, ನಾಲ್ಕು ಮಡಿಕೆ ಹಾಕಿ ಇಟ್ಟಿದೀನಿ. ಒಗೆದು ಮತ್ತೆ ಇಡೋದು. ಹೊಲಿದದ್ದನ್ನ ನೋಡಿ "ಎಷ್ಟು ಅಚ್ಚುಕಟ್ಟು" ಅಂದ ಅತ್ತಿಗೇನೇ ಮರ ನೋಡಿ "ಗಂಡಸರಿಲ್ವಾ" ಅಂದಿದ್ದು. ಒಂದೇ ಕೈ ಕಣ್ರೀ, ಒಂದೇ ವಾರ ಮಾಡಿದ್ದು ಎರಡೂ.

ನಾನು ಓದಿದ ಸ್ಕೂಲಲ್ಲಿ ಕ್ರಾಫ್ಟ್ ಪಿರಿಯಡ್ಡಿಗೆ ಹುಡುಗರಿಗೆ ಮರ, ಹುಡುಗಿಯರಿಗೆ ಸೂಜಿ. ಆ ಸೂಜಿ ಇವತ್ತಿಗೂ ಅನ್ನ ಹಾಕ್ತಾ ಐತೆ, ಅದನ್ನ ಹಗುರ ಮಾಡಲ್ಲ. ಆದ್ರೆ ನನ್ನ ಮಗಳು ಹೋದ ತಿಂಗಳು ಸ್ಟೂಲಿನ ಕಾಲಿಗೆ ತಾನೇ ಬೆಣೆ ಕೆತ್ತಿ ಹೊಡೆದ್ಲು. ಅವಳಪ್ಪ ರಾತ್ರಿ ಬಂದು ಅದರ ಮೇಲೆ ಕೂತು ಊಟ ಮಾಡಿದ್ರು, ಅಲ್ಲಾಡಲಿಲ್ಲ ಅನ್ನೋದೂ ಅವರಿಗೆ ಗೊತ್ತಾಗಲಿಲ್ಲ.

ನಮ್ಮ ಸಾಲಿಗೆ ಗುಜರಿ ಗಾಡಿ ಬುಧವಾರ ಬರ್ತೈತೆ. ಅದಕ್ಕೆ ಮುಂಚೆ ನಿಮ್ಮ ಅಟ್ಟ ಹತ್ತಿ ನೋಡ್ರಿ. ಗೋಣಿಚೀಲದಲ್ಲಿ ಸುತ್ತಿದ್ದು ಏನಾದ್ರೂ ಇದ್ರೆ ಕೊಡಬ್ಯಾಡ್ರಿ, ನಮ್ಮನೆಗೆ ತಗೊಂಡು ಬನ್ರಿ. ಸಾಣೆಕಲ್ಲು ನನ್ನತ್ರ ಐತೆ. ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆವರೆಗೆ ಬಿಡುವಾಗಿರ್ತೀನಿ. ಅತ್ತಿಗೆ, ನೀವು ಅಣ್ಣನ್ನ ಕೇಳೋಕೆ ಕಾಯಬ್ಯಾಡಿ, ಅವರು ಬರೋದು ರಾತ್ರಿ ಒಂಬತ್ತಕ್ಕೆ.