ಬೋಟಿಗೆ ಫ್ರಾನ್ಸಿನಲ್ಲೊಂದು ಸಂಘವಿದೆ

ಈ ಸಲ ಬಂದ ಪ್ರಶ್ನೆ ಚಿಕ್ಕದು. ಮನೆಯಲ್ಲೇ ಫ್ರೆಂಚ್ ಸಾಸೇಜ್ ಮಾಡಿ, ಮೇಲೆ ಆ ದಪ್ಪನೆಯ ಬಿಳಿ ಕ್ರೀಮ್ ಸಾಸ್ ಹಾಕಿಕೊಂಡು ತಿನ್ನೋಕಾಗುತ್ತಾ? ಶಿವಮೊಗ್ಗದಲ್ಲಿ ಸಾಮಾನು ಸಿಗುತ್ತಾ?

ಆಗುತ್ತೆ, ಸಿಗುತ್ತೆ. ಆದರೆ ಆ ಸಾಸೇಜ್ ಏನು ಅಂತ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬಯ್ಯಬೇಡಿ.

ಫ್ರಾನ್ಸಿನಲ್ಲಿ ಕ್ರೀಮು, ಸಾಸಿವೆ ಸೇರಿಸಿದ ಸಾಸ್ ಜೊತೆ ಬಡಿಸುವ ಹೆಸರುವಾಸಿ ಸಾಸೇಜ್ ಅಂದರೆ ಆಂಡುಯೆಟ್. ಪ್ಯಾರಿಸ್‌ನ ಆಗ್ನೇಯಕ್ಕಿರುವ ತ್ರುವಾ ಪಟ್ಟಣ ಇದಕ್ಕೆ ಪ್ರಸಿದ್ಧ. ಒಳಗಿರೋದು ಹಂದಿಯ ಕರುಳು, ಹೊಟ್ಟೆ. ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಈರುಳ್ಳಿ, ಉಪ್ಪು, ಕಾಳುಮೆಣಸು ಹಾಕಿ, ಕರುಳಿನ ಚೀಲದೊಳಗೇ ಎಳೆದು ತುಂಬಿ ಗಂಟೆಗಟ್ಟಲೆ ಬೇಯಿಸಿರುತ್ತಾರೆ. ಮನೆಗೆ ತಂದವರು ಬಾಣಲೆಯಲ್ಲಿ ಕೆಂಪಗೆ ಹುರಿದುಕೊಂಡರೆ ಸಾಕು. ಅಂದರೆ ನಮ್ಮ ಬೋಟಿ. ನಮ್ಮದು ಕುರಿ ಅಥವಾ ಮೇಕೆಯದು, ಅವರದು ಹಂದಿಯದು, ಅಷ್ಟೇ.

ವಾಸನೆ ಅಲ್ಲೂ ಇದೆ. ಅದರ ವಾಸನೆಗೇ ಹೋಟೆಲಿನಿಂದ ಎದ್ದು ಬರುವ ಫ್ರೆಂಚರೂ ಇದ್ದಾರೆ. ಹಾಗಿದ್ದರೂ 1970ರ ದಶಕದಲ್ಲಿ ಅಲ್ಲಿನ ಕೆಲವು ಆಹಾರ ಬರಹಗಾರರು ಸೇರಿ ಅಸಲಿ ಆಂಡುಯೆಟ್ ಪ್ರಿಯರ ಸ್ನೇಹಕೂಟ ಅಂತಲೇ ಒಂದು ಸಂಘ ಕಟ್ಟಿದರು. ಫ್ರೆಂಚಿನಲ್ಲಿ ಆ ಹೆಸರಿನ ಐದೂ ಪದ 'ಎ' ಅಕ್ಷರದಿಂದ ಶುರುವಾಗುತ್ತವೆ. ತಿಂದು ನೋಡಿ ಒಪ್ಪಿಗೆಯಾದ ತಯಾರಕರಿಗೆ ಸಂಘ ಮಾನ್ಯತೆ ಕೊಡುತ್ತೆ, ಹೋಟೆಲಿನ ಮೆನುವಿನಲ್ಲಿ ಆ ಸಾಸೇಜ್ ಪಕ್ಕ ಐದು 'ಎ' ಮುದ್ರಿಸಿರುತ್ತಾರೆ. ಬಡವರ ಪಾಲಿನ ಕರುಳಿಗೆ ಐದು ಸ್ಟಾರ್ ಕೊಟ್ಟ ಹಾಗೆ.

ನಮ್ಮಲ್ಲಿ ಬೋಟಿ ಮಟನ್ ಅಂಗಡಿಯಲ್ಲಿ ಮೂಲೆಯ ಬಕೆಟ್ಟಿನಲ್ಲಿ ಇರುತ್ತೆ. ಊರಲ್ಲಿ ಕುರಿ ಕಡಿದಾಗ ತೊಡೆ ಮಾಂಸ ಯಾರ ಮನೆಗೆ ಹೋಗುತ್ತಿತ್ತು, ಕರುಳು ತೊಳೆಯುವ ಕೆಲಸ ಯಾರ ಪಾಲಿಗೆ ಬರುತ್ತಿತ್ತು ಅಂತ ಹೇಳಬೇಕಾಗಿಲ್ಲ. ಭದ್ರಾವತಿಯ ಕ್ವಾರ್ಟರ್ಸಿನಲ್ಲಿದ್ದಾಗ ನಮ್ಮಮ್ಮ ಭಾನುವಾರ ಬೆಳಿಗ್ಗೆ ಹಿತ್ತಲಿನ ನಲ್ಲಿ ಹತ್ತಿರ ಕೂತು ಬೋಟಿ ತೊಳೆಯುತ್ತಿದ್ದಳು. ಪಕ್ಕದ ಮನೆಯವರು ಮೂಗು ಮುರಿಯುತ್ತಿರಲಿಲ್ಲ, ಅವರದೂ ಅದೇ ಕೆಲಸ ನಡೆದಿರುತ್ತಿತ್ತು. ಈಗ ನವುಲೆಯಲ್ಲಿ ಬಾಡಿಗೆ ಮನೆ ಹುಡುಕಿ ನೋಡಿ. ಇಂಜಿನಿಯರಿಂಗ್ ಕಾಲೇಜು, ಕೃಷಿ ವಿ.ವಿ., ಸ್ಟೇಡಿಯಂ ಅಂತ ಸವಳಂಗ ರಸ್ತೆಯುದ್ದಕ್ಕೂ ಊರು ಬೆಳೆದಿದೆ, ಮನೆಗಳಿಗೇನೂ ಬರವಿಲ್ಲ. ಬಾಡಿಗೆ ಎಷ್ಟು ಅಂತ ಕೇಳೋ ಮೊದಲೇ "ನೀವು ವೆಜ್ಜಾ?" ಅಂತ ಪ್ರಶ್ನೆ ಬರುತ್ತೆ. ನನಗೆ ಒಬ್ಬ ಓನರ್ ಹೇಳಿದ ಮಾತು, "ಚಿಕನ್ ಆದ್ರೆ ಪರವಾಗಿಲ್ಲಮ್ಮ, ಆ ಬೋಟಿಗೀಟಿ ಎಲ್ಲ ಬೇಡ." ಆ ಮನೆ ಬಿಟ್ಟು ಬೇರೆ ಕಡೆ ಅಡ್ವಾನ್ಸ್ ಕೊಟ್ಟೆ. ಆಂಡುಯೆಟ್ ಮಾಡ್ತೀನಿ ಅಂದಿದ್ದರೆ ಬಹುಶಃ ರುಚಿ ನೋಡೋಕೆ ಕೇಳುತ್ತಿದ್ದರು!

ಇನ್ನು ಸಾಸ್. ಫ್ರೆಂಚರು ಅದಕ್ಕೆ ಬಳಸೋದು ಕ್ರೆಮ್ ಫ್ರೆಶ್. ಹೆಸರು ಕೇಳಿ ಸೂಪರ್ ಮಾರ್ಕೆಟ್ಟಿಗೆ ಓಡಬೇಡಿ. ಕೆನೆಗೆ ಹೆಪ್ಪು ಹಾಕಿ ಹುಳಿ ಬರಿಸಿದರೆ ಅದೇ ಕ್ರೆಮ್ ಫ್ರೆಶ್. ನಾಲ್ಕೈದು ದಿನ ಕೆನೆ ತೆಗೆದಿಟ್ಟು, ಬೆಣ್ಣೆ ಕಡೆಯೋ ಹಿಂದಿನ ರಾತ್ರಿ ಒಂದು ಚಮಚ ಮೊಸರು ಹಾಕಿ ಮುಚ್ಚಿಡುತ್ತಾರಲ್ಲ, ಆ ಪಾತ್ರೆಯೊಳಗೆ ಇರೋದು ಅದೇ. ಮಲೆನಾಡಿನಲ್ಲಿ ಅದನ್ನು ಬೆಣ್ಣೆಯಾಗೋಕೆ ಮುಂಚೆ ತಿಂದವರಿಲ್ಲ, ಅಷ್ಟೇ. ಕದ್ದು ತಿಂದ ಮಕ್ಕಳನ್ನು ಬಿಟ್ಟು.

ಮಾಚೇನಹಳ್ಳಿ ಡೈರಿಯಿಂದ ಬರುವ ನಂದಿನಿ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು 3%, ಕೆನೆ ತೆಳು. ಸಮೃದ್ಧಿ ತಗೊಳ್ಳಿ, ಅದರಲ್ಲಿ 6%. ಕಾಯಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಹಪ್ಪಳದ ಹಾಗೆ ಕೆನೆ ಎತ್ತಬಹುದು. ದೊಡ್ಡ ಬಟ್ಟಲು ತುಂಬಿದ ಮೇಲೆ ಒಂದು ಚಮಚ ಗಟ್ಟಿ ಮೊಸರು ಬೆರೆಸಿ ರಾತ್ರಿಯಿಡೀ ಹೊರಗಿಡಿ. ಬೆಳಿಗ್ಗೆ ಫೋರ್ಕಿನಿಂದ ನಿಧಾನ ಕಲಸಿ, ಜರಡಿಯಲ್ಲಿ ಸೋಸಿ. ಮಿಕ್ಸಿಗೆ ಹಾಕಿದರೆ ಬೆಣ್ಣೆ ಬಂದುಬಿಡುತ್ತೆ.

ಕೆನೆಯ ಬದಲು ಮೊಸರು ಹಾಕಿದರಾಗದಾ ಅಂತ ಕೇಳಬೇಡಿ. ಹುಳಿ ಇದ್ದಾಗ ಬಿಸಿ ತಾಗಿದರೆ ಹಾಲಿನ ಪ್ರೋಟೀನ್ ಗಂಟುಗಟ್ಟಿ ನೀರು ಬೇರೆಯಾಗುತ್ತೆ. ಮೊಸರಿನಲ್ಲಿ ಪ್ರೋಟೀನ್ ಹೆಚ್ಚು, ಕೊಬ್ಬು ಕಡಿಮೆ, ಹಾಗಾಗಿ ಒಡೆಯುತ್ತೆ. ಕೆನೆಯಲ್ಲಿ ಕೊಬ್ಬೇ ಜಾಸ್ತಿ, ತಡೆದುಕೊಳ್ಳುತ್ತೆ.

ಸಾಸಿವೆಗೂ ಹೊರದೇಶದ ಬಾಟಲಿ ಬೇಡ. ಡಿಜಾನ್ ಸಾಸಿವೆಗೆ ಬಳಸುವ ಕಂದು ಸಾಸಿವೆಯೂ ನಮ್ಮ ಒಗ್ಗರಣೆ ಡಬ್ಬಿಯ ಸಾಸಿವೆಯೂ ಒಂದೇ ಜಾತಿಯ ಗಿಡದ್ದು. ಸೌತೆಕಾಯಿ ಸಾಸಿವೆ, ಮಾವಿನಹಣ್ಣಿನ ಸಾಸಿವೆ ತಿಂದವರಿಗೆ ಮೊಸರಿನೊಳಗೆ ಹಸಿ ಸಾಸಿವೆ ಮೂಗಿಗೆ ಹೊಡೆಯೋದು ಗೊತ್ತಲ್ಲ? ಅದೇ ಖಾರ. ಎರಡು ಚಮಚ ಸಾಸಿವೆಯನ್ನು ತಣ್ಣೀರಿನಲ್ಲಿ ಅರೆದು, ಹತ್ತು ನಿಮಿಷ ಬಿಟ್ಟು, ಆಮೇಲೆ ಒಂದು ಚಮಚ ವಿನೆಗರ್, ಉಪ್ಪು ಸೇರಿಸಿ. ಮೊದಲೇ ವಿನೆಗರ್ ಹಾಕಿದರೆ ಖಾರ ಏಳೋದಿಲ್ಲ. ಅರೆದ ತಕ್ಷಣ ಕಹಿ ಇರುತ್ತೆ, ಒಂದು ದಿನ ಇಟ್ಟರೆ ಇಳಿಯುತ್ತೆ.

ಬೋಟಿ ತರುವಾಗ ಅಂಗಡಿಯವರಿಗೆ "ಅಣ್ಣ, ಕರುಳು ಕತ್ತರಿಸಬೇಡಿ, ಉದ್ದಕ್ಕೇ ಕೊಡಿ" ಅನ್ನಿ. ಹೊಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಮೇಲಿನ ಕರಿ ಪೊರೆ ಕೆರೆದು ತೆಗೀರಿ. ಕರುಳಿನೊಳಗೆ ನಲ್ಲಿ ನೀರು ಬಿಟ್ಟು ಹಿಂಡಿ, ಕಡ್ಡಿಯಿಂದ ಒಳಗುಹೊರಗು ತಿರುವಿ, ಕಲ್ಲುಪ್ಪು, ಅರಿಶಿನ ಹಾಕಿ ಉಜ್ಜಿ ತೊಳೀರಿ. ನೀರು ತಿಳಿಯಾಗುವ ತನಕ. ಈ ಕೆಲಸಕ್ಕೆ ಅಡ್ಡದಾರಿ ಇಲ್ಲ, ಪಾಡ್‌ಕಾಸ್ಟ್ ಹಾಕಿಕೊಂಡು ಕೂರಿ.

ಹೊಟ್ಟೆಯನ್ನು ಬೆರಳುದ್ದದ ಪಟ್ಟಿ ಮಾಡಿ, ಉಪ್ಪು, ಕುಟ್ಟಿದ ಕಾಳುಮೆಣಸು ಸವರಿ. ಆರೇಳು ಪಟ್ಟಿಯ ಕಟ್ಟಿಗೆ ಕರುಳನ್ನು ದಾರದ ಹಾಗೆ ಬಿಗಿಯಾಗಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ. ತ್ರುವಾದವರು ಚೀಲದೊಳಗೆ ತುಂಬುತ್ತಾರೆ, ನಮಗೆ ಮನೆಯಲ್ಲಿ ಸುತ್ತೋದೇ ಸಲೀಸು. ಮುಳುಗುವಷ್ಟು ನೀರು, ಒಂದು ಈರುಳ್ಳಿ, ಒಂದು ಪಲಾವ್ ಎಲೆ ಹಾಕಿ ಕುಕ್ಕರಿನಲ್ಲಿ ಒಂದು ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಬೆಂದ ನೀರಿನಲ್ಲೇ ಆರಿಸಿ, ಹಾಗೇ ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಕಟ್ಟು ಬಿಗಿದುಕೊಳ್ಳುತ್ತೆ. ಗಾತ್ರ ಅರ್ಧಕ್ಕರ್ಧ ಕುಗ್ಗುತ್ತೆ, ಮೊದಲೇ ಜಾಸ್ತಿ ತನ್ನಿ.

ಮರುದಿನ ಕಬ್ಬಿಣದ ಬಾಣಲೆಯಲ್ಲಿ ಬೆಣ್ಣೆ ಹಾಕಿ, ಸಣ್ಣ ಉರಿಯಲ್ಲಿ ನಾಲ್ಕೂ ಕಡೆ ಕೆಂಪಗೆ ಹುರಿದು ತೆಗೆದಿಡಿ. ಅದೇ ಬಾಣಲೆಗೆ ಸಣ್ಣಗೆ ಹೆಚ್ಚಿದ ಈರುಳ್ಳಿ. ಅದು ಮೆತ್ತಗಾದ ಮೇಲೆ ಬೇಯಿಸಿದ ನೀರು ಒಂದು ಸೌಟು ಹಾಕಿ, ತಳಕ್ಕೆ ಹಿಡಿದಿದ್ದನ್ನು ಕೆರೆದು ಅರ್ಧಕ್ಕೆ ಬತ್ತಿಸಿ. ಉರಿ ತಗ್ಗಿಸಿ ಕೆನೆ ಸುರೀರಿ. ಎರಡು ಮೂರು ನಿಮಿಷದಲ್ಲಿ ಸೌಟಿನ ಬೆನ್ನಿಗೆ ಅಂಟುತ್ತೆ. ಒಲೆ ಆರಿಸಿದ ಮೇಲೆಯೇ ಸಾಸಿವೆ, ಕುದಿಸಿದರೆ ಅದರ ಖಾರ ಸತ್ತುಹೋಗುತ್ತೆ. ಉಪ್ಪು ನೋಡಿಕೊಂಡು ಬೋಟಿಯನ್ನು ವಾಪಸ್ ಹಾಕಿ ಹೊರಳಿಸಿ.

ಬೋಟಿ ಬೇಡವೇ ಬೇಡ ಅನ್ನುವವರು ಪ್ಯಾಕೆಟ್ ಚಿಕನ್ ಸಾಸೇಜ್ ಅಥವಾ ಅಣಬೆಗೆ ಇದೇ ಸಾಸ್ ಮಾಡಿಕೊಳ್ಳಿ, ಚೆನ್ನಾಗೇ ಇರುತ್ತೆ. ಆದರೆ ಬೋಟಿಯ ಆ ಗಡಸು ವಾಸನೆಯನ್ನು ಸಾಸಿವೆ, ಕೆನೆ ಎರಡೂ ಸೇರಿ ಎದುರಿಸೋದರಲ್ಲೇ ಈ ಅಡುಗೆಯ ಮಜಾ ಇರೋದು. ಮೆತ್ತನೆ ಚಿಕನ್ ಸಾಸೇಜಿಗೆ ಇಷ್ಟೊಂದು ಸಾಸ್ ಸುಮ್ಮನೆ ದಂಡ ಅನ್ನಿಸುತ್ತೆ ನನಗೆ.

ಜೊತೆಗೆ ಬ್ರೆಡ್ಡಿಗಿಂತ ಅಕ್ಕಿರೊಟ್ಟಿ ಮೇಲು. ಸಾಸ್ ಉಳಿದರೆ ಮರುದಿನ ಮೈಕ್ರೋವೇವಿಗೆ ಇಡಬೇಡಿ, ತುಪ್ಪ ಬಿಟ್ಟುಕೊಳ್ಳುತ್ತೆ. ತಣ್ಣಗಿರುವಾಗಲೇ ಬಿಸಿ ರೊಟ್ಟಿಗೆ ಹಚ್ಚಿ, ಸುರುಳಿ ಸುತ್ತಿ ಆಫೀಸಿಗೆ ಡಬ್ಬಿ ಕಟ್ಟಿಕೊಳ್ಳಿ.