ಗೆರೆಯ ದೂರ, ನಡಿಗೆಯ ದೂರ

ಬೋವಿಕಾನದ ಮನೆಯೊಂದಕ್ಕೆ ಅತಿ ಸಮೀಪದ ಕನ್ನಡ ಶಾಲೆ ಯಾವುದು? ಈ ಪ್ರಶ್ನೆಯನ್ನು ಇಂದು ಗಣಕಯಂತ್ರದ ದತ್ತಸಂಚಯಕ್ಕೂ ಕೇಳಬಹುದು. ಎರಡು ಸ್ಥಳಗಳ ಅಕ್ಷಾಂಶ, ರೇಖಾಂಶಗಳನ್ನು ಕೊಟ್ಟರೆ, ಭೂಕೇಂದ್ರದಲ್ಲಿ ಅವುಗಳ ನಡುವೆ ಏರ್ಪಡುವ ಕೋನದ ಕೊಸೈನನ್ನು ಯಂತ್ರವು ಲೆಕ್ಕಿಸುತ್ತದೆ. ಕೊಸೈನಿನಿಂದ ಕೋನಕ್ಕೆ ಮರಳುವ ದಾರಿಯೇ ವಿಲೋಮ ಕೊಸೈನ್. ರೇಡಿಯನ್ನಿನಲ್ಲಿ ದೊರೆತ ಆ ಕೋನವನ್ನು ಭೂಮಿಯ ಸರಾಸರಿ ತ್ರಿಜ್ಯವಾದ 6371 ಕಿಲೋಮೀಟರಿನಿಂದ ಗುಣಿಸಿದರೆ ದೂರ ಸಿದ್ಧ.

ಆದರೆ ನೆರೆಹೊರೆಯ ಸ್ಥಳಗಳಾದರೆ ಕೊಸೈನ್ 1ಕ್ಕೆ ತೀರ ಹತ್ತಿರವಾಗಿ, ಕೊನೆಯ ದಶಮಾಂಶಗಳಲ್ಲಿ ಸೂಕ್ಷ್ಮ ವ್ಯತ್ಯಾಸವು ಕರಗಿಹೋಗುತ್ತದೆ. ಲೆಕ್ಕದ ದೋಷದಿಂದ 1ನ್ನು ಕೂದಲೆಳೆಯಷ್ಟು ಮೀರಿದರಂತೂ ಉತ್ತರವೇ ಇಲ್ಲ. ಆದುದರಿಂದ ಬಲ್ಲವರು ಅರ್ಧಕೋನದ ಸೈನನ್ನೂ ವಿಲೋಮ ಸೈನನ್ನೂ ಆಶ್ರಯಿಸುತ್ತಾರೆ.

ಇಷ್ಟು ಮಾಡಿದರೂ ಅದು ಆಕಾಶಮಾರ್ಗದ ದೂರವೇ. ನಡುವೆ ಪಯಸ್ವಿನಿ ಹೊಳೆ ಹರಿಯುತ್ತಿದ್ದರೆ, ಸೇತುವೆಯನ್ನು ಬಳಸಿ ಸಾಗಬೇಕಾದ ಎಳೆಯ ಕಾಲುಗಳಿಗೆ ಆ ಲೆಕ್ಕ ಸಲ್ಲದು. ಶಿಕ್ಷಣ ಹಕ್ಕಿನ 2010ರ ಕೇಂದ್ರ ನಿಯಮಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಹೇಳಿದ 1 ಕಿಲೋಮೀಟರು ಸಹ ನಡಿಗೆಯ ದೂರವೇ ಹೊರತು ಗೆರೆಯ ದೂರವಲ್ಲ. ಮಗುವಿಗೆ ಕನ್ನಡ ತರಗತಿ ದಕ್ಕುವುದೂ ತಪ್ಪುವುದೂ ಕೆಲವೊಮ್ಮೆ ಈ ಅಂತರದಲ್ಲಿರುತ್ತದೆ. ಶಾಲೆಗಳ ಯಾದಿ ಕೈಗೆ ಬಂದಾಗ, ಅದರಲ್ಲಿರುವ ದೂರ ಯಾವ ಬಗೆಯದೆಂದು ತಂದೆತಾಯಂದಿರು ತಪ್ಪದೆ ವಿಚಾರಿಸಲಿ.